ಕೀಲಿಕೈಯ ಧರ್ಮ

ಕಳ್ಳತನವು ಪಾಪವೆಂಬುದರಲ್ಲಿ ಯಾವ ಮತದವರಿಗೂ ಯಾವ ದೇಶದವರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಬಾಗಿಲನ್ನು ಹಾಕದೆ ಮಲಗಿದವನಲ್ಲಿಯೂ ದೋಷವುಂಟೇ ಎಂದು ಕೇಳಿದರೆ ವಿವೇಕಿಗಳೂ ಸ್ವಲ್ಪ ತಡೆದು ಉತ್ತರ ಹೇಳುವರು. ಹಣವೂ ಪತ್ರವ್ಯವಹಾರವೂ ಅಂಗೈಯಗಲದ ಮೊಬೈಲಿನೊಳಗೆ ಅಡಗಿರುವ ಈ ಕಾಲದಲ್ಲಿ, ಅದನ್ನು ದೂರದಿಂದಲೇ ಭೇದಿಸಬಲ್ಲ ಹ್ಯಾಕರುಗಳು ಹುಟ್ಟಿಕೊಂಡಿರುವುದರಿಂದ, ಈ ಹಳೆಯ ಪ್ರಶ್ನೆಯು ಮನೆಮನೆಯ ಪ್ರಶ್ನೆಯಾಗಿದೆ.

“ನನ್ನಲ್ಲಿ ಕದಿಯುವುದಕ್ಕೆ ಏನಿದೆ?” ಎನ್ನುವವರು ಬಹುಮಂದಿ. ಈ ಮಾತಿನಲ್ಲಿ ವಿನಯವುಂಟು, ವಿಚಾರವಿಲ್ಲ. ಒಬ್ಬನ ಮೊಬೈಲಿನಲ್ಲಿರುವುದೆಲ್ಲವೂ ಅವನೊಬ್ಬನದೇ ಅಲ್ಲ. ಮಿತ್ರರು ನಂಬಿ ಬರೆದ ಮಾತುಗಳು, ಮನೆಯವರ ಭಾವಚಿತ್ರಗಳು, ವೈದ್ಯನಾದರೆ ರೋಗಿಗಳ ವೃತ್ತಾಂತ, ವಕೀಲನಾದರೆ ಕಕ್ಷಿಗಾರರ ಕಾಗದಪತ್ರ—ಇವೆಲ್ಲವೂ ಅಲ್ಲಿ ಇತರರು ಇಟ್ಟಿರುವ ನ್ಯಾಸಗಳು. ಖಾತೆಯನ್ನು ಹೊಕ್ಕ ಕಳ್ಳನು ಯಜಮಾನನ ಹೆಸರಿನಲ್ಲಿಯೇ ಬಂಧುಗಳಿಗೆ ಬರೆದು, ‘ಅವಸರವಾಗಿ ಹಣ ಬೇಕಾಗಿದೆ’ ಎನ್ನುವನು. ಅವರು ಹಿಂದುಮುಂದು ನೋಡದೆ ಕಳುಹಿಸುವರು. ಇಲ್ಲಿ ಸೂರೆಯಾದುದು ಯಜಮಾನನ ಹಣವಲ್ಲ. ಅವನ ಮೇಲೆ ಇತರರು ಇಟ್ಟಿದ್ದ ವಿಶ್ವಾಸ.

ನ್ಯಾಸದ ಧರ್ಮವನ್ನು ನಮ್ಮ ಹಿರಿಯರು ಸೂಕ್ಷ್ಮವಾಗಿ ಆಲೋಚಿಸಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಇದಕ್ಕಾಗಿಯೇ ಒಂದು ಪ್ರಕರಣವಿದೆ. ಶತ್ರುಗಳ ದಾಳಿ, ಬೆಂಕಿ, ನೀರು ಮೊದಲಾದ ಆಪತ್ತುಗಳಲ್ಲಿ ನಾಶವಾದ ನಿಕ್ಷೇಪಕ್ಕೆ ಅದನ್ನು ಇಟ್ಟುಕೊಂಡವನು ಹೊಣೆಯಲ್ಲವೆಂದು ಅಲ್ಲಿ ವಿಧಿಸಿದೆ. ಮನುಷ್ಯಪ್ರಯತ್ನಕ್ಕೆ ಮೀರಿದುದಕ್ಕೆ ದೋಷವಿಲ್ಲ; ಆದರೆ ಪ್ರಯತ್ನವನ್ನೇ ಮಾಡದವನಿಗೆ ಈ ವಿನಾಯಿತಿಯು ಸಲ್ಲುವುದೆಂತು?

ಅಜಾಗರೂಕತೆಯ ಫಲವು ಪರಿಚಿತರಲ್ಲಿಯೇ ನಿಲ್ಲುವುದಿಲ್ಲ. 2016ರ ಅಕ್ಟೋಬರ್ 21ರಂದು ಅಮೆರಿಕದ ಡೈನ್ ಎಂಬ ಸಂಸ್ಥೆಯ ಮೇಲೆ ನಡೆದ ಆಕ್ರಮಣದಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ಅಂತರ್ಜಾಲದ ದೊಡ್ಡ ತಾಣಗಳು ಅಸಂಖ್ಯಾತ ಜನರಿಗೆ ದೊರೆಯದೆ ಹೋದುವು. ಆ ಆಕ್ರಮಣದ ಸೈನಿಕರು ಯಾರು? ಮನೆಮನೆಗಳಲ್ಲಿ ಜನರು ಇಟ್ಟುಕೊಂಡಿದ್ದ ಕ್ಯಾಮೆರಾ, ರೌಟರ್ ಮೊದಲಾದ ಯಂತ್ರಗಳೇ! ಕಾರ್ಖಾನೆಯವರು ಎಲ್ಲ ಯಂತ್ರಗಳಿಗೂ ಒಂದೇ ಬಗೆಯಾಗಿ ಕೊಟ್ಟ ಪಾಸ್‌ವರ್ಡು ಹಾಗೆಯೇ ಉಳಿದಿದ್ದ ಯಂತ್ರಗಳನ್ನು ಮಿರಾಯ್ ಎಂಬ ದುಷ್ಟ ಪ್ರೋಗ್ರಾಮು ಹುಡುಕಿ ವಶಪಡಿಸಿಕೊಂಡಿತ್ತು. ಯಜಮಾನರಿಗೆ ಏನೂ ನಷ್ಟವಾಗಲಿಲ್ಲ. ತಮ್ಮ ಮನೆಯಿಂದ ಪರರ ಮೇಲೆ ಕಲ್ಲು ಬೀಳುತ್ತಿದೆಯೆಂಬುದೂ ಅವರಿಗೆ ತಿಳಿಯಲಿಲ್ಲ. ಅವುಗಳಲ್ಲಿ ಕೆಲವು ಯಂತ್ರಗಳ ಪಾಸ್‌ವರ್ಡನ್ನು ಬದಲಿಸುವುದಕ್ಕೇ ಆಸ್ಪದವಿರಲಿಲ್ಲವೆಂಬುದನ್ನೂ ಮರೆಯಲಾಗದು. ಅಂಥಲ್ಲಿ ದೋಷವು ಕೊಂಡವನದಲ್ಲ, ಮಾಡಿ ಮಾರಿದವನದು.

ಹಾಗಾದರೆ ಗೃಹಸ್ಥನು ಮಾಡಬೇಕಾದ ಪ್ರಯತ್ನವೆಷ್ಟು? ಅದು ಅಸಾಧ್ಯವಾದುದೇನೂ ಅಲ್ಲ. ಒಂದೊಂದು ಖಾತೆಗೂ ಬೇರೆಬೇರೆಯಾದ, ಉದ್ದವಾದ ಪಾಸ್‌ವರ್ಡು. ಮುಖ್ಯವಾದ ಖಾತೆಗಳಿಗೆ ಎರಡನೆಯದೊಂದು ಪರೀಕ್ಷೆ. ಯಂತ್ರಕ್ಕೆ ಕಾಲಕಾಲಕ್ಕೆ ಬರುವ ತಿದ್ದುಪಡಿಗಳ ಸ್ವೀಕಾರ. ಯಾರು ಕೇಳಿದರೂ ಓಟಿಪಿಯನ್ನು ಹೇಳದಿರುವ ನಿಯಮ—ಇಷ್ಟೇ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗಿನಿಂದ ಇಂಗ್ಲೆಂಡಿನ ಆಸ್ಪತ್ರೆಗಳ ಕೆಲಸ ಕೆಟ್ಟು ರೋಗಿಗಳು ತೊಂದರೆಪಟ್ಟಾಗ, ಅದನ್ನು ತಡೆಯಬಲ್ಲ ತಿದ್ದುಪಡಿಯು ಹೊರಟು ಆಗಲೇ ಸುಮಾರು ಎರಡು ತಿಂಗಳಾಗಿದ್ದಿತು.

ಇಷ್ಟು ಎಚ್ಚರವು ಮನುಷ್ಯನನ್ನು ಸಂಶಯಾತ್ಮನನ್ನಾಗಿ ಮಾಡಲಾರದೇ ಎಂದು ಕೆಲವರು ಆಕ್ಷೇಪಿಸಬಹುದು. ಮನೆಗೆ ಬೀಗ ಹಾಕುವವನು ನೆರೆಯವನನ್ನು ಕಳ್ಳನೆಂದು ನಿಂದಿಸಿದಂತಾಗುವುದಿಲ್ಲ. ಮಗನ ಧ್ವನಿಯಲ್ಲಿ ಯಾರೋ ಹಣ ಕೇಳಿದಾಗ, ಮಗನ ಸಂಖ್ಯೆಗೇ ತಾನಾಗಿ ಕರೆಮಾಡಿ ವಿಚಾರಿಸುವ ತಾಯಿಯು ಮಗನನ್ನು ಶಂಕಿಸುವುದಿಲ್ಲ. ಮಗನ ಹೆಸರನ್ನು ಕಾಪಾಡುತ್ತಾಳೆ. ಪರೀಕ್ಷೆಯಿಂದ ಕೆಡುವುದು ಕುರುಡುನಂಬಿಕೆಯೇ ಹೊರತು ವಿಶ್ವಾಸವಲ್ಲ.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಗುರುತರವಾದುದು. ಎಚ್ಚರವು ಧರ್ಮವಾದರೆ, ಮೋಸಹೋದವನು ಅಪರಾಧಿಯಾಗುವನಲ್ಲವೇ? ಖಂಡಿತವಾಗಿಯೂ ಇಲ್ಲ. ತೆರೆದ ಬಾಗಿಲು ಕಳ್ಳನಿಗೆ ಅಪ್ಪಣೆಯಲ್ಲ. ಪರರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವವನಿಗೆ ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಮೂರು ವರ್ಷಗಳವರೆಗಿನ ಸೆರೆಯನ್ನು ವಿಧಿಸುವಾಗ, ಯಜಮಾನನು ಜಾಗರೂಕನಾಗಿದ್ದನೇ ಎಂದು ಕೇಳುವುದಿಲ್ಲ. ಇದಲ್ಲದೆ, ನಿಂದೆಯಿಂದ ಕೇಡೇ ಹೆಚ್ಚುವುದು. ಗ್ರಾಹಕನ ಅಜಾಗರೂಕತೆಯಿಂದಲೇ ನಷ್ಟವಾದರೂ, ಅವನು ದೂರು ಕೊಟ್ಟ ಮೇಲೆ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕೆಂದು ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ನಿಯಮಿಸಿತು. ಕೂಡಲೇ ಹೇಳಿಕೊಳ್ಳುವುದಕ್ಕೆ 1930 ಎಂಬ ಸಹಾಯವಾಣಿಯೂ ಇದೆ. ಆದರೆ, “ಇಷ್ಟು ಓದಿಯೂ ಮೋಸಹೋದಿರಾ?” ಎಂದು ಮಕ್ಕಳು ನಗುವರೆಂಬ ಭಯದಿಂದ ಮುದುಕರು ಬಾಯಿಮುಚ್ಚಿ ಕುಳಿತರೆ, ಆ ಒಂದೊಂದು ಗಳಿಗೆಯೂ ಕಳ್ಳನ ಪಾಲಿನ ಲಾಭವೇ.

ಆದುದರಿಂದ ಈ ಧರ್ಮಕ್ಕೆ ಎರಡು ಮುಖಗಳಿವೆ. ಕಳವಿಗೆ ಮೊದಲು ಅದು ಎಚ್ಚರ. ಕಳವಾದ ಮೇಲೆ ಅದು ಕರುಣೆ. ಮೊದಲನೆಯದನ್ನು ಪ್ರತಿಯೊಬ್ಬನೂ ತನಗೆ ತಾನೇ ವಿಧಿಸಿಕೊಳ್ಳಬೇಕು. ಎರಡನೆಯದನ್ನು ಇತರರಿಗೆ ಸಲ್ಲಿಸಬೇಕು. ಲೋಕದಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವಾಗಿದೆ: ತನ್ನ ಅಜಾಗರೂಕತೆಗೆ ಕ್ಷಮೆ, ಪರರ ಅಜಾಗರೂಕತೆಗೆ ಉಪದೇಶ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂದು ಗಾದೆಯು ನಗುತ್ತದೆ. ಆದರೆ ಕೊಳ್ಳೆಹೋದವರ ಮನೆಯಲ್ಲಿ ನಿಂತು ಆ ಗಾದೆಯನ್ನು ಹೇಳುವುದು ಸಜ್ಜನರ ಲಕ್ಷಣವಲ್ಲ.