ಒಂಟಿ ಪಯಣಿಗನ ಗಂಟು



ಚೈತ್ರ ಶುದ್ಧ ಪಾಡ್ಯವು ಸಮೀಪಿಸಿತೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ರಾಯಚೂರು ಸೀಮೆಗಳ ಹಾದಿಗಳೆಲ್ಲ ಶ್ರೀಶೈಲದತ್ತ ಮುಖಮಾಡುತ್ತವೆ. ಮಲ್ಲಯ್ಯನ ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡು ನಡೆವ ಹರಕೆಯವರು, ಎಳೆಯ ಮಕ್ಕಳನ್ನು ಹೆಗಲಿಗೇರಿಸಿಕೊಂಡ ಗೃಹಸ್ಥರು, ಎಲ್ಲರೂ ತಂಡತಂಡವಾಗಿ ಸಾಗುತ್ತಾರೆ. ಕೂಡಿ ನಡೆಯುವವರಿಗೆ ನಾವು ಹೇಳಬೇಕಾದುದು ಹೆಚ್ಚಿಲ್ಲ. ಅವರಲ್ಲಿ ಹಾದಿ ಬಲ್ಲ ಹಿರಿಯರು ಇದ್ದೇ ಇರುತ್ತಾರೆ. ಒಬ್ಬಂಟಿಯಾಗಿ ಹೊರಡುವವನ ಸಿದ್ಧತೆಯನ್ನು ಕುರಿತು ಮಾತ್ರ ಈ ಸಂಚಿಕೆಯಲ್ಲಿ ನಾಲ್ಕು ಮಾತು ಹೇಳಬೇಕಾಗಿ ಬಂದಿದೆ.

ಕಳೆದ ಕಾರ್ತಿಕದಲ್ಲಿ ಭಕ್ತನೊಬ್ಬನು ಮಠಕ್ಕೆ ಬಂದನು. ಬೇಸಾಯದ ಕಾಯಕದವನು, ವಯಸ್ಸು ಅರವತ್ತರ ಅಂಚು. ಸತಿಪತಿಗಳಿಬ್ಬರೂ 12 ವರ್ಷ ತಪ್ಪದೆ ಊರ ತಂಡದೊಡನೆ ಮಲ್ಲಯ್ಯನಲ್ಲಿಗೆ ನಡೆದು ಹೋಗಿಬಂದವರು. ಶ್ರಾವಣದಲ್ಲಿ ಆ ತಾಯಿ ಲಿಂಗೈಕ್ಯಳಾಗಿದ್ದಳು.

“ಅಪ್ಪಾ ಅವರೇ, ಈ ಸಲ ನಾನೊಬ್ಬನೇ ನಡೆದು ಹೋಗಬೇಕೆಂದಿದ್ದೇನೆ. ಅಪ್ಪಣೆಯಾಗಬೇಕು” ಎಂದನು.

ಊರ ತಂಡವಿರುವಾಗ ಒಬ್ಬನೇ ಏಕೆ ಎಂದು ಕೇಳಿದೆವು.

“ತಂಡದೊಡನೆ ಹೋದರೆ ದಾರಿಯುದ್ದಕ್ಕೂ ಸಮಾಧಾನ ಹೇಳುತ್ತಾರೆ” ಎಂದನು.

ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಬೇಡವೆಂದುಬಿಡುವುದು ಸುಲಭವಾಗಿತ್ತು. ಅಂಗೈಯಲ್ಲಿ ಇಷ್ಟಲಿಂಗವನ್ನು ಧರಿಸಿದವನಿಗೆ ಬೇರೆಯ ಕ್ಷೇತ್ರವೇಕೆ ಎಂಬ ಪ್ರಶ್ನೆಯನ್ನು ಶರಣರೇ ಎತ್ತಿದ್ದಾರೆ. ನೀರು ಕಂಡಲ್ಲಿ ಮುಳುಗಿ, ಮರ ಕಂಡಲ್ಲಿ ಸುತ್ತುವ ಭಕ್ತಿಯನ್ನು ಅವರು ಒಪ್ಪಿದವರಲ್ಲ. ಆದರೆ ಅದೇ ಶರಣಸಂಕುಲದ ಅಕ್ಕಮಹಾದೇವಿಯು ನಡೆದಳು; ಒಬ್ಬಳೇ ನಡೆದಳು. ಉಡುತಡಿಯಿಂದ ಕಲ್ಯಾಣಕ್ಕೆ ಇಂದಿನ ರಸ್ತೆಗಳಲ್ಲಿ ಅಳೆದರೆ 500 ಕಿಲೋಮೀಟರಿಗೆ ಕಡಿಮೆಯಿಲ್ಲ. ಕಲ್ಯಾಣದಿಂದ ಶ್ರೀಶೈಲಕ್ಕೆ ಮತ್ತೆ 300ನ್ನು ಮೀರುತ್ತದೆ. ದೇವರು ದೂರದಲ್ಲಿದ್ದಾನೆಂದು ಅವಳು ಬಗೆದಿದ್ದಳೆಂದು ಯಾರು ಹೇಳಬಲ್ಲರು? ಶೂನ್ಯಸಂಪಾದನೆಯನ್ನು ಓದಿದವರಿಗೆ ತಿಳಿದಿದೆ: ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅವಳು ನಡೆದ ದೂರವನ್ನು ಮೆಚ್ಚಿ ಒಳಗೆ ಕರೆಯಲಿಲ್ಲ. ಅವಳು ಬಿಟ್ಟು ಬಂದೆನೆಂಬುದನ್ನು ನಿಜವಾಗಿ ಬಿಟ್ಟಿರುವಳೇ ಎಂಬುದನ್ನೇ ಮಾತುಮಾತಿಗೂ ಒರೆಗೆ ಹಚ್ಚಿದರು. ಒಂಟಿಯಾಗಿ ಹೊರಡುವ ಪ್ರತಿಯೊಬ್ಬನಿಗೂ ಈ ಪರೀಕ್ಷೆ ಉಂಟು. ಅದು ಕಲ್ಯಾಣ ಮುಟ್ಟಿದ ಮೇಲೆ ಬರುವುದಲ್ಲ; ಮನೆಯ ಪಡಸಾಲೆಯಲ್ಲಿ ಗಂಟು ಕಟ್ಟುವಾಗಲೇ ಮೊದಲಾಗುತ್ತದೆ.

ಆದುದರಿಂದ, ಗಂಟು ಕಟ್ಟಿಕೊಂಡು ಬಂದು ತೋರಿಸು, ಅನಂತರ ಅಪ್ಪಣೆಯ ಮಾತು ಎಂದೆವು.

ಎಂಟು ದಿನಗಳಲ್ಲಿ ಹೊತ್ತು ತಂದನು. ಮಠದ ಉಗ್ರಾಣದ ತಕ್ಕಡಿಯಲ್ಲಿ ತೂಗಿಸಿದರೆ 11 ಕಿಲೋ! ಮೂರು ಜೊತೆ ಧೋತರ, ಎರಡು ಕಂಬಳಿ, ಹದಿನೈದು ದಿನಕ್ಕಾಗುವಷ್ಟು ಕಟಕರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಹಿತ್ತಾಳೆಯ ತಂಬಿಗೆ, ಸಣ್ಣದೊಂದು ಒಲೆ. ಎಲ್ಲಕ್ಕೂ ಕೆಳಗೆ ಬಿಳಿಯ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಕಟ್ಟು. ಅದೇನೆಂದು ನಾವು ಆ ದಿನ ಕೇಳಲಿಲ್ಲ.

ಗಂಟು ಕಟ್ಟುವ ವಿದ್ಯೆಯಲ್ಲಿ ನಮಗೆ ಗುರು ಆಯ್ದಕ್ಕಿ ಲಕ್ಕಮ್ಮನು. ಗಂಡನಾದ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಲ್ಲಿಯೇ ಚೆಲ್ಲಿ ಬನ್ನಿರೆಂದು ಹಿಂದಕ್ಕೆ ಕಳುಹಿಸಿದ ತಾಯಿ ಅವಳು. ನಾಳೆಗೆಂದು ಕೂಡಿಡುವ ಪ್ರತಿಯೊಂದು ಹಿಡಿಯೂ ನಾಳಿನ ಭಯದ ತೂಕವೇ ಎಂಬುದನ್ನು ಅವಳು ಕಂಡಿದ್ದಳು. ನಡೆಯುವವನಿಗೆ ಈ ಮಾತು ಬರಿಯ ತತ್ತ್ವವಲ್ಲ, ಅವನ ಮೊಣಕಾಲಿಗೆ ತಾಕುವ ಸತ್ಯ. ದಾರಿಯುದ್ದಕ್ಕೂ ಊರೂರುಗಳಲ್ಲಿ ದಾಸೋಹದ ಡೇರೆಗಳಿರುವಾಗ ಹದಿನೈದು ದಿನದ ರೊಟ್ಟಿಯನ್ನು ಹೊತ್ತು ನಡೆಯುವುದೆಂದರೆ, ನೀಡುವ ಕೈಗಳನ್ನು ನಂಬದೆ ನಡೆದಂತೆ. ಇನ್ನೊಬ್ಬರ ಹಂಗು ಬೇಡವೆಂಬ ಬಿಂಕ ಒಂಟಿ ಪಯಣಿಗನನ್ನು ಬೇಗನೆ ಹಿಡಿಯುತ್ತದೆ. ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಲಾರದವನು ಒಬ್ಬನೇ ನಡೆದು ಸಾಧಿಸುವುದೇನು? ಒಂದು ದಿನದ ಬುತ್ತಿ ಸಾಕು, ಒಲೆ ಬೇಡವೇ ಬೇಡ ಎಂದು ಹೇಳಿದೆವು.

ಬಿಡಬಾರದವುಗಳನ್ನೂ ಹೇಳಬೇಕಲ್ಲ. ಇಷ್ಟಲಿಂಗವು ಎದೆಯ ಮೇಲಿರುತ್ತದೆ, ಅದನ್ನು ಗಂಟಿನ ಲೆಕ್ಕದಲ್ಲಿ ಹಿಡಿಯುವುದಿಲ್ಲ. ಆದರೆ ಶಿವದಾರವು ಬೆವರಿಗೆ ಬೇಗ ಸವೆಯುತ್ತದೆ, ಹೊಸತೊಂದು ಜೊತೆಗಿರಲಿ. ವಿಭೂತಿಯ ಗಟ್ಟಿ, ಪೂಜೆಯ ವಸ್ತ್ರ, ಸಣ್ಣ ಬಟ್ಟಲು ಇರಲಿ. ಬಿಸಿಲ ನಾಡಿನಲ್ಲಿ ನೀರು ಅರಿದಾದಾಗ ಒಂದು ಗುಟುಕಿನಲ್ಲಿಯೂ ಮಜ್ಜನವಾಗುತ್ತದೆ. ಲಿಂಗಕ್ಕೆ ಮೀಸಲೆಂದು ಬಾಟಲಿಯ ನೀರನ್ನು ಕುಡಿಯದೆ ಇಟ್ಟು ಬವಳಿ ಬಂದು ಬೀಳುವುದು ಭಕ್ತಿಯಲ್ಲ. ಕಾಯವನ್ನೇ ದೇಗುಲವೆಂದು ಕಂಡ ಬಸವಣ್ಣನವರ ಮಾರ್ಗದಲ್ಲಿ ಕಾಯವನ್ನು ಕೆಡಿಸುವ ವ್ರತಕ್ಕೆ ಎಡೆಯಿಲ್ಲ. ಯುಗಾದಿಯ ಮುನ್ನಿನ ದಿನಗಳೆಂದರೆ ಉರಿಬಿಸಿಲು. ನಸುಕಿನಲ್ಲಿ ಹೊರಟು ಹತ್ತು ಗಂಟೆಯೊಳಗೆ ನೆರಳು ಸೇರಬೇಕು. ಮತ್ತೆ ಇಳಿಹೊತ್ತಿನಲ್ಲಿ ನಡೆಯಬೇಕು. ಯಾತ್ರೆಗೆಂದು ಹೊಸ ಚಪ್ಪಲಿ ಕೊಳ್ಳುವವರು ಮೂರನೆಯ ದಿನ ಅಂಗಾಲಿನ ಬೊಬ್ಬೆ ಹಿಡಿದು ಕೂಡುವುದನ್ನು ಪ್ರತಿವರ್ಷ ಕಾಣುತ್ತೇವೆ. ತಿಂಗಳುಗಟ್ಟಲೆ ಮೆಟ್ಟಿ ಕಾಲಿಗೆ ಹೊಂದಿದುದೇ ಲೇಸು.

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಿದೆವು. ಬಯಲುಸೀಮೆಯ ದಾರಿಯಲ್ಲಿ ಒಬ್ಬನೇ ನಡೆಯಬಹುದು. ಆತ್ಮಕೂರು ದಾಟಿ ವೆಂಕಟಾಪುರದಿಂದ ನಲ್ಲಮಲ ಕಾಡು ಹೊಕ್ಕ ಮೇಲೆ ಹಾಗಲ್ಲ. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸ ಬಾಗಿಲು, ಹೀಗೆ ಸುಮಾರು 40 ಕಿಲೋಮೀಟರು ಹುಲಿಗಳ ಸಂರಕ್ಷಿತ ಅರಣ್ಯ. ಹಬ್ಬದ ದಿನಗಳ ಹೊರತು ಅರಣ್ಯ ಇಲಾಖೆಯು ಆ ದಾರಿಯನ್ನು ತೆರೆಯುವುದಿಲ್ಲ. ಅಲ್ಲಿ ಕಂಡ ಮೊದಲ ತಂಡವನ್ನು ಕೂಡಿಕೊಳ್ಳಬೇಕು. ಅಕ್ಕನು ಒಬ್ಬಳೇ ಹೋಗಲಿಲ್ಲವೇ ಎಂದು ಅವನು ಕೇಳಿದನು. ಅಕ್ಕನಿಗೆ ಮನೆಯಲ್ಲಿ ಕಾದಿರುವ ಮೊಮ್ಮಕ್ಕಳಿರಲಿಲ್ಲ ಎಂದೆವು. ಮೊದಲ ಸಲ ಅವನು ನಕ್ಕನು.

ಮನೆಯ ಮಾತು ಬಂದುದರಿಂದ ಅದನ್ನೂ ವಿಚಾರಿಸಿದೆವು. ಮಗನಿಗೆ ಹೇಳಿರುವೆಯಾ? ಹೇಳಿರಲಿಲ್ಲ. ಕಡಲೆಯ ರಾಶಿ ಮುಗಿದಿದೆಯೇ? ಮುಗಿಯಬೇಕು. ಯಾರಿಗಾದರೂ ಕೊಡುವುದಿದೆಯೇ? ಬೀಜದ ಅಂಗಡಿಯ ಬಾಕಿ ಉಂಟು. ಕಾಯಕವನ್ನು ನಡುವೆ ಬಿಟ್ಟು, ಸಾಲವನ್ನು ಹಿಂದೆ ಬಿಟ್ಟು, ಮಗನಿಗೆ ತಿಳಿಸದೆ ಹೊರಟವನು ಒಂಟಿಯಾಗಿ ನಡೆದಾನೆಯೇ? ಬೀಜದ ಅಂಗಡಿಯವನೂ ಮಗನೂ ದಾರಿಯುದ್ದಕ್ಕೂ ಅವನ ತಲೆಯೊಳಗೆ ಕುಳಿತು ಬರುತ್ತಾರೆ. ಊರ ತಂಡದ ಮಾತಿಗಿಂತ ಅವರ ಮಾತೇ ದೊಡ್ಡದಾಗಿ ಕೇಳಿಸುತ್ತದೆ. ಇವೆಲ್ಲ ತೀರಿದ ಮೇಲೆ, ಎಲ್ಲಿಂದಾದರೂ ಮರಳಿ ಬರಲು ಬಸ್ಸಿನ ಹಣವನ್ನು ಬೇರೆಯಾಗಿ ಕಟ್ಟಿಟ್ಟುಕೊಳ್ಳಬೇಕೆಂದೂ ಹೇಳಿದೆವು. ಮರಳಿದರೆ ಹರಕೆಗೆ ಊನವಲ್ಲವೇ ಎಂದು ಕಳವಳಪಟ್ಟನು. ಕಾಲು ಸೋತ ಊರಿನಲ್ಲಿಯೇ ಕುಳಿತು ಲಿಂಗಪೂಜೆ ಮಾಡಿದರೆ ಮಲ್ಲಯ್ಯನು ಬೇಡವೆನ್ನುವನೇ? ಇಷ್ಟಲಿಂಗವನ್ನು ಗುರುವು ಕರುಣಿಸಿರುವುದು ಏತಕ್ಕೆ?

ಅಂದಿನಿಂದ ಅವನು ಪ್ರತಿ ಸೋಮವಾರ ತನ್ನ ಊರಿನಿಂದ ಮಠಕ್ಕೆ 14 ಕಿಲೋಮೀಟರು ಗಂಟು ಹೊತ್ತು ನಡೆದು ಬಂದು, ಪ್ರಸಾದ ಮುಗಿಸಿ, ನಡೆದೇ ಹಿಂದಿರುಗುತ್ತಿದ್ದಾನೆ. ಒಲೆ ಹೋಯಿತು. ತಂಬಿಗೆ ಹೋಯಿತು. ಒಂದು ಕಂಬಳಿ ಮೊಮ್ಮಗನಿಗಾಯಿತು. ಬೀಜದ ಅಂಗಡಿಯ ಬಾಕಿ ಸಂಕ್ರಾಂತಿಯೊಳಗೆ ತೀರಿತು.

ಬಿಳಿಯ ಬಟ್ಟೆಯ ಕಟ್ಟನ್ನು ಅವನೇ ಒಂದು ದಿನ ಬಿಚ್ಚಿ ತೋರಿಸಿದನು. ಇಳಕಲ್ ಸೀರೆ. ಭ್ರಮರಾಂಬೆಯನ್ನು ಮನೆಮಗಳೆಂದು ಬಗೆದು ಯುಗಾದಿಗೆ ಸೀರೆ ಒಯ್ಯುವ ವಾಡಿಕೆ ನಮ್ಮ ಕಡೆಯ ಮನೆಗಳಲ್ಲಿ ಉಂಟಷ್ಟೆ. ಮಲಗಿದ್ದ ಹಾಸಿಗೆಯಿಂದಲೇ ಆ ತಾಯಿ ಬಣ್ಣ ಹೇಳಿ ತರಿಸಿದ್ದಳಂತೆ. “ಇದನ್ನೂ ಇಳಿಸಬೇಕೇ, ಅಪ್ಪಾ ಅವರೇ?” ಎಂದು ಕೇಳಿದನು. ಅದನ್ನು ಅಲ್ಲಿ ಒಪ್ಪಿಸಿ ಬರಿಗೈಯಲ್ಲಿ ಮರಳಲು ನಿನ್ನಿಂದಾದೀತೇ ಎಂದು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದನು. “ಅದಕ್ಕೇ ಒಬ್ಬನೇ ಹೋಗುವುದು” ಎಂದನು.

ಅಪ್ಪಣೆ ಕೊಟ್ಟಿದ್ದೇವೆ. ಫಾಲ್ಗುಣದಲ್ಲಿ ಹೊರಡುವವನಿದ್ದಾನೆ. ಕಳೆದ ಸೋಮವಾರ ಮತ್ತೆ ತೂಗಿ ನೋಡಿದೆವು. ಸೀರೆಯೂ ಸೇರಿ ಗಂಟು 5 ಕಿಲೋ ಇತ್ತು.