ಬಾಳಿ ಬದುಕಿದ ಜೀವಕ್ಕೆ ಬೆಲೆಯೆಷ್ಟು?

ಹಳ್ಳಿಯ ರಸ್ತೆಯಲ್ಲಿ ಬೈಕು ಬಡಿದು ವೃದ್ಧರೊಬ್ಬರು ಬಿದ್ದರೆ ನಾವೇನು ಮಾಡುತ್ತೇವೆ? ‘ಮಾತಾಡ್ತಿದ್ದಾರೆ, ಏನೂ ಆಗಿಲ್ಲ’ ಎಂದು ಮನೆಗೆ ಕಳುಹಿಸುತ್ತೇವೆ. ಪೆಟ್ಟು ಜೋರಾಗಿದ್ದರೆ, ‘ಬಾಳಿ ಬದುಕಿದ ಜೀವ, ದೂರದ ಆಸ್ಪತ್ರೆಗೆ ಯಾಕೆ ಅಲೆಸಬೇಕು?’ ಎನ್ನುತ್ತೇವೆ. ಎರಡೂ ಮಾತು ಜೀವ ತೆಗೆಯಬಲ್ಲವು.

ವೃದ್ಧರ ದೇಹ ಅಪಾಯವನ್ನು ಬಚ್ಚಿಡುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಯ ವೇಗ ಏರದಂತೆ ತಡೆಯುವುದರಿಂದ ಒಳಗಿನ ರಕ್ತಸ್ರಾವ ಗೊತ್ತಾಗದೇ ಹೋಗಬಹುದು. ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರಿಗೆ ತಲೆಗೆ ಬಿದ್ದ ಸಣ್ಣ ಪೆಟ್ಟೂ ಗಂಟೆಗಳ ಬಳಿಕ ಮಾರಕವಾಗಬಹುದು. ಹತ್ತಿರದಲ್ಲಿ ಸಿ.ಟಿ. ಸ್ಕ್ಯಾನ್ ಇಲ್ಲದ ಊರಿನಲ್ಲಂತೂ ದಾರಿಯೇ ಸಮಯವನ್ನು ನುಂಗುತ್ತದೆ. ಹಾಗಾಗಿ ವಯಸ್ಸಾದವರೆಂದರೆ ಇನ್ನಷ್ಟು ಅವಸರ ಮಾಡಬೇಕು.

ಕರ್ನಾಟಕಕ್ಕೆ 108 ಆಂಬುಲೆನ್ಸ್ 2008ರಲ್ಲಿ ಬಂತು. ನೆರವಿಗೆ ಬಂದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರಲ್ಲಿ ಕಾನೂನಿನ ಬಲ ನೀಡಿತು. ಪೊಲೀಸರ ಭಯವನ್ನು ಕಾನೂನು ಕಳೆಯಬಹುದು. ವಯಸ್ಸು ನೋಡಿ ಜೀವವನ್ನು ತೂಗುವ ನಮ್ಮ ಮನಸ್ಸಿಗೆ ಮದ್ದೇನು?

ಒಂದೇ ಆಂಬುಲೆನ್ಸ್, ಇಬ್ಬರು ಗಾಯಾಳುಗಳಿದ್ದರೆ ಆಯ್ಕೆ ಅನಿವಾರ್ಯ, ನಿಜ. ಆಗಲೂ ನೋಡಬೇಕಾದುದು ಗಾಯದ ತೀವ್ರತೆ ಮತ್ತು ಉಳಿಸಿಕೊಳ್ಳುವ ಸಾಧ್ಯತೆಯನ್ನು. ಉಳಿದ ವರ್ಷಗಳನ್ನು ಎಣಿಸಿ ಬೆಲೆ ಕಟ್ಟುವ ಅಧಿಕಾರ ನಮಗೆ ಯಾರು ಕೊಟ್ಟರು?

ಬಿದ್ದವರ ವಯಸ್ಸನ್ನೂ ಅವರ ಮಾತ್ರೆಗಳ ಚೀಟಿಯನ್ನೂ ವೈದ್ಯರಿಗೆ ಮುಟ್ಟಿಸೋಣ. ಅವರು ಬದುಕಬೇಕೇ ಎಂಬ ತೀರ್ಪನ್ನು ರಸ್ತೆಯಲ್ಲೇ ಬರೆಯದಿರೋಣ.