ಯಾರ ವಾಸಕ್ಕೆ ಯೋಗ್ಯ?

2018ರಲ್ಲಿ ಕೇಂದ್ರ ಸರ್ಕಾರ 111 ನಗರಗಳ ‘ಸುಗಮ ಜೀವನ ಸೂಚ್ಯಂಕ’ ಹೊರತಂದಾಗ ಬೆಂಗಳೂರು 58ನೇ ಸ್ಥಾನದಲ್ಲಿತ್ತು. ಅದೇ ಸರ್ಕಾರ 2021ರ ಮಾರ್ಚ್‌ನಲ್ಲಿ ಮುಂದಿನ ಪಟ್ಟಿ ಕೊಟ್ಟಾಗ, ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಲ್ಲಿ ಬೆಂಗಳೂರೇ ಮೊದಲು. ಮರುವರ್ಷ ಲಂಡನ್ನಿನ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯುನಿಟ್ ಜಗತ್ತಿನ 170ಕ್ಕೂ ಹೆಚ್ಚು ನಗರಗಳನ್ನು ತೂಗಿ ಬೆಂಗಳೂರಿಗೆ 146ನೇ ಸ್ಥಾನ ಕೊಟ್ಟಿತು. ಆ ಪಟ್ಟಿಯಲ್ಲಿದ್ದ ಭಾರತದ ಐದು ನಗರಗಳಲ್ಲಿ ಇದೇ ಕೊನೆಯದು. ಈ ನಾಲ್ಕು ವರ್ಷವೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಬಿದ್ದವನಿಗೆ ಊರು ಮೇಲೇರಿದ್ದೂ ಗೊತ್ತಾಗಿರಲಿಕ್ಕಿಲ್ಲ, ಕೆಳಗಿಳಿದದ್ದೂ ಗೊತ್ತಾಗಿರಲಿಕ್ಕಿಲ್ಲ. ಮೊದಲೆರಡು ಪಟ್ಟಿಗಳ ನಡುವೆ ಲೆಕ್ಕ ಹಾಕುವ ರೀತಿ ಬದಲಾಗಿತ್ತು, ದೊಡ್ಡ ಊರು ಸಣ್ಣ ಊರುಗಳನ್ನು ಬೇರೆಬೇರೆ ಪಂಕ್ತಿಯಲ್ಲಿ ಕೂರಿಸಿದ್ದರು. ಮೂರನೆಯದನ್ನು ಮಾಡಿದವರೇ ಬೇರೆ, ಅವರ ಉದ್ದೇಶವೂ ಬೇರೆ.

ಆ ಉದ್ದೇಶವನ್ನು ಅವರೇನೂ ಮುಚ್ಚಿಟ್ಟಿಲ್ಲ. ಕಂಪನಿಯೊಂದು ತನ್ನ ಅಧಿಕಾರಿಯನ್ನು ಪರದೇಶದ ಊರಿಗೆ ಕಳಿಸುವಾಗ ಎಷ್ಟು ಕಷ್ಟಭತ್ಯೆ ಕೊಡಬೇಕು ಎಂಬುದಕ್ಕೆ ಈ ಅಂಕಗಳು ಆಧಾರ. ನೂರಕ್ಕೆ 80 ದಾಟಿದ ಊರಾದರೆ ಭತ್ಯೆ ಬೇಡ. 50ರಿಂದ 60ರ ನಡುವೆ ಇದ್ದರೆ ಸಂಬಳದ ಮೇಲೆ ಶೇ 15, 50ಕ್ಕಿಂತ ಕೆಳಗಾದರೆ ಶೇ 20. ಸ್ಥಿರತೆ, ಆರೋಗ್ಯ, ಸಂಸ್ಕೃತಿ–ಪರಿಸರ, ಶಿಕ್ಷಣ, ಮೂಲಸೌಕರ್ಯ ಎಂಬ ಐದು ಬಾಬತ್ತುಗಳಲ್ಲಿ ಅಂಕ ಕೊಡುತ್ತಾರೆ. ಮನೆ ಬಾಡಿಗೆ ಎಷ್ಟು, ತರಕಾರಿಗೆಷ್ಟು ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಬಾಡಿಗೆಯನ್ನು ಕಂಪನಿ ಕಟ್ಟುತ್ತದಲ್ಲ! ಅಂದರೆ ಈ ಪಟ್ಟಿ ಕೇಳುವ ಪ್ರಶ್ನೆ, ಎರಡು ಮೂರು ವರ್ಷ ಇದ್ದು ಹೋಗುವವನಿಗೆ ಈ ಊರು ಹೇಗೆ ಎಂಬುದು. ಅಲ್ಲೇ ಹುಟ್ಟಿ ಅಲ್ಲೇ ಮುಪ್ಪಾಗುವವರ ಪ್ರಶ್ನೆ ಬೇರೆಯೇ.

ನನ್ನ ಸೋದರತ್ತೆ ಅರಸೀಕೆರೆ ತಾಲ್ಲೂಕಿನವರು. ಮಗ ಮೆಲ್ಬರ್ನ್‌ನಲ್ಲಿದ್ದಾನೆ. 2011ರಿಂದ 2017ರವರೆಗೆ ಸತತ ಏಳು ವರ್ಷ ಈ ಪಟ್ಟಿಯ ತಲೆಯ ಮೇಲೆ ಕೂತಿದ್ದ ನಗರ ಅದು. ಮಗ ಎಷ್ಟು ಕರೆದರೂ ಅತ್ತೆ ಒಂದು ಬೇಸಿಗೆ ಹೋಗಿ ಬಂದರು, ಅಷ್ಟೇ. “ಎಲ್ಲಾ ಚೆನ್ನಾಗೈತೆ ಕಣಪ್ಪ, ಆದ್ರೆ ಯಾರ ಮನೇಗೆ ಹೋಗಿ ಕೂತ್ಕಳದು?” ಎಂದರು. ಇದನ್ನು ಕೇಳಿ ಹಳ್ಳಿಯೇ ಸ್ವರ್ಗ ಎಂದು ಬರೆದುಬಿಡುವುದು ಸುಲಭ. ನಾನು ಬರೆಯಲಾರೆ. ಅತ್ತೆಯ ಮನೆಯ ಅಟ್ಟದಲ್ಲಿ ಕೊಬ್ಬರಿಗೆಂದು ಹಾಕಿದ ತೆಂಗಿನಕಾಯಿ ಸಿಪ್ಪೆ ಸಮೇತ ವರ್ಷದ ಹತ್ತಿರ ಹತ್ತಿರ ಮಲಗಿರುತ್ತದೆ. ಒಳಗಿನ ನೀರೆಲ್ಲ ಆರಿ, ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಎನ್ನಬೇಕು. ಆಮೇಲೆ ಸುಲಿದು, ಒಡೆದು ಮಾರುಕಟ್ಟೆಗೆ. ಅಷ್ಟು ಕಾಲ ಕಾದ ಮಾಲಿಗೆ ಬೆಲೆ ಬಿದ್ದರೆ ಆ ವರ್ಷದ ಕತೆ ಮುಗಿಯಿತು. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಇತ್ತು. ಆ ಬೆಲೆಗೆ ಮಾರಲು ಹೆಸರು ನೋಂದಾಯಿಸುವುದಕ್ಕೇ ರೈತರು ಸಾಲುಗಟ್ಟಿ ನಿಂತರು. ಮಂಡಿನೋವು ಜಾಸ್ತಿಯಾದರೆ ದೊಡ್ಡ ಡಾಕ್ಟರನ್ನು ಕಾಣಲು ನಲವತ್ತು ಚಿಲ್ಲರೆ ಕಿಲೋಮೀಟರ್ ದೂರದ ಹಾಸನಕ್ಕೆ ಹೋಗಬೇಕು. ಅರಸೀಕೆರೆ ಜಂಕ್ಷನ್ನು, ರೈಲಿಗೆ ಕೊರತೆಯಿಲ್ಲ. ಆದರೆ ಹುಡುಗರು ಆ ರೈಲು ಹತ್ತುವುದು ಹೆಚ್ಚಾಗಿ ಬೆಂಗಳೂರಿಗೆ, ಪಟ್ಟಿಯ ಪ್ರಕಾರ ಭಾರತದ ಐದರಲ್ಲಿ ಕೊನೆಯದಾದ ಊರಿಗೆ. ಕೆಲಸ ಇರುವ ಕಡೆ ಜನ ಹೋಗುತ್ತಾರೆ. ಶ್ರೇಯಾಂಕ ನೋಡಿ ಯಾರೂ ಟಿಕೆಟ್ ತೆಗೆಸುವುದಿಲ್ಲ.

ಇನ್ನೊಂದು ಬಗೆಯ ಪಟ್ಟಿ ನಮ್ಮ ಹಾಸನ ಜಿಲ್ಲೆಗೇ ಬಂದಿದೆ. 2023ರ ಸೆಪ್ಟೆಂಬರ್ 18ರಂದು ನಮ್ಮ ಬೇಲೂರು, ಹಳೇಬೀಡು, ಜೊತೆಗೆ ಮೈಸೂರು ಕಡೆಯ ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಸಂತೋಷದ ವಿಷಯವೇ. 1117ರ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತದೆ, ತೇರು ಎಳೆಯುತ್ತಾರೆ. ಆದರೆ ಪ್ರವಾಸಿಯ ಬೇಲೂರು ಬೇರೆ, ಗುಡಿಯ ಮಗ್ಗುಲಲ್ಲಿ ಮನೆ ಇರುವವನ ಬೇಲೂರು ಬೇರೆ. 2010ರಲ್ಲಿ ತಿದ್ದುಪಡಿಯಾದ ಸ್ಮಾರಕ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಇದ್ದ ಮನೆಯ ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್‌ವರೆಗೆ ಏನು ಕಟ್ಟಲೂ ಒಪ್ಪಿಗೆ ಪಡೆಯಬೇಕು. ಕಾಯ್ದೆ ತಪ್ಪು ಎನ್ನುತ್ತಿಲ್ಲ. ಅದಿಲ್ಲದಿದ್ದರೆ ಶಿಲಾಬಾಲಿಕೆಯರ ಬೆನ್ನಿಗೇ ಲಾಡ್ಜು ಏಳುತ್ತಿದ್ದವು. ಆದರೂ ಮಗನ ಮದುವೆಗೆ ಮುಂಚೆ ಮೇಲೊಂದು ಕೋಣೆ ಹಾಕಿಸೋಣ ಎಂದುಕೊಂಡವನಿಗೆ ಜಗತ್ತಿನ ಮೆಚ್ಚುಗೆ ಎಂದರೆ ಕಚೇರಿಯಿಂದ ಕಚೇರಿಗೆ ತಿರುಗುವ ಒಂದು ಅರ್ಜಿ.

ಹಳೇಬೀಡಿನಲ್ಲಿ ನಿಂತರೆ ಶ್ರೇಯಾಂಕದ ಹುಚ್ಚು ಇನ್ನಷ್ಟು ಇಳಿಯುತ್ತದೆ. 1300ರ ಸುಮಾರಿಗೆ ಯಾರಾದರೂ ದಕ್ಷಿಣದ ನಗರಗಳ ಪಟ್ಟಿ ಮಾಡಿದ್ದರೆ ಇದೇ ಹಳೇಬೀಡು, ಅಂದಿನ ದೋರಸಮುದ್ರ, ಮೇಲಿನ ಸಾಲಿನಲ್ಲೇ ಇರುತ್ತಿತ್ತು. ರಾಜಧಾನಿ, ಬಸದಿಗಳು, ಶಿವಾಲಯಗಳು, ವ್ಯಾಪಾರಿಗಳು, ಸಮುದ್ರವೆನ್ನಿಸುವಂಥ ಕೆರೆ, ಯಾವುದಕ್ಕೆ ಕಡಿಮೆ? 1311ರಲ್ಲಿ ಮಲಿಕ್ ಕಾಫೂರನ ದಂಡು ಬಂತು, ಮುಂದೆ ತುಘಲಕನದ್ದು. ಹೊಯ್ಸಳ ದೊರೆ ಮೂರನೇ ಬಲ್ಲಾಳ ತಿರುವಣ್ಣಾಮಲೈ ಕಡೆ ಹೋದ. ಸ್ಥಿರತೆ ಎಂಬ ಒಂದೇ ಬಾಬತ್ತಿನಲ್ಲಿ ಅಂಕ ಸೊನ್ನೆಯಾದಾಗ ಉಳಿದ ನಾಲ್ಕು ಏನೂ ಮಾಡಲಿಲ್ಲ. ಇಷ್ಟರ ಮಟ್ಟಿಗೆ ಲಂಡನ್ನಿನವರ ಲೆಕ್ಕ ಸರಿಯೇ ಎನ್ನಬೇಕು. ಅವರ ಪಟ್ಟಿಯ ಕೊನೆಯಲ್ಲಿ ಡಮಾಸ್ಕಸ್ ವರ್ಷಗಟ್ಟಲೆ ಇರುವುದೂ ಯುದ್ಧದಿಂದಲೇ.

ಹೊಯ್ಸಳರ ಕಾಲದ ಶಾಸನಗಳಲ್ಲೂ ಊರುಗಳ ಹೊಗಳಿಕೆಗೆ ಬರವಿಲ್ಲ. ಎಲ್ಲ ಊರೂ ಅಮರಾವತಿಗೆ ಸಮ. ಕವಿಗೆ ಯಾವ ಊರಿನವರೂ ಕಡಿಮೆ ಅಂಕ ಕೊಡಲು ಬಿಟ್ಟಿಲ್ಲ! ಆದರೆ ಹೊಗಳಿಕೆ ಮುಗಿದ ಮೇಲಿನ ಸಾಲುಗಳನ್ನು ನೋಡಬೇಕು. ಕೆರೆ ಕಟ್ಟಿಸಿ ಕಾಪಾಡಿದವನಿಗೆ ಕಟ್ಟುಗೊಡಗೆ ಎಂದು ಭೂಮಿ, ಕೆರೆಯ ನಿರ್ವಹಣೆಗೆ ಬಿತ್ತುವಟ್ಟ, ಹೂಳು ಹೊರುವ ಬಂಡಿಯ ಖರ್ಚಿಗೆ ದತ್ತಿ. ಊರು ಎಷ್ಟು ಚೆಂದ ಎನ್ನುವುದಕ್ಕಿಂತ ಕೆಟ್ಟದ್ದನ್ನು ಯಾರು ರಿಪೇರಿ ಮಾಡಬೇಕು, ಅದಕ್ಕೆ ದುಡ್ಡು ಎಲ್ಲಿಂದ ಬರಬೇಕು ಎನ್ನುವುದನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಯಾವ ಊರಿನ ವಾಸಯೋಗ್ಯತೆಯನ್ನೂ ನಾನು ಅಳೆಯುವುದು ಇದರಿಂದಲೇ. ಅಂಥ ಕೆರೆಗಳ ಈ ಸೀಮೆಯಲ್ಲೇ, ಯಗಚಿ ಹೊಳೆಯ ನೀರನ್ನು ರಣಘಟ್ಟದಿಂದ ತಂದು ತಮ್ಮ ಕಡೆಯ ಕೆರೆಗಳನ್ನು ತುಂಬಿಸಿ ಎಂದು ಹಳೇಬೀಡಿನ ರೈತರು ವರ್ಷಗಟ್ಟಲೆ ಹೋರಾಡಿದರು. ಅರಸೀಕೆರೆ ಕಡೆಯವರು ಎತ್ತಿನಹೊಳೆ ಯೋಜನೆಯ ನೀರಿಗೆ ಕಾಯುತ್ತಾ ಬಂದಿದ್ದಾರೆ. ಆ ಯೋಜನೆಯ ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರ್‌ನಲ್ಲಿ ಆಯಿತು.

ಹಾಗಾದರೆ ಶ್ರೇಯಾಂಕ ಬರೀ ಬೊಗಳೆಯೇ? ಪೂರ್ತಿ ಅಲ್ಲ. ವಿಯೆನ್ನಾ ಮೊದಲೋ ಕೋಪನ್‌ಹೇಗನ್ ಮೊದಲೋ ಎನ್ನುವುದು ನಮಗೆ ಬೇಡದ ಸುದ್ದಿ. ಆದರೆ 2022ರ ಆ ಪಟ್ಟಿಯಲ್ಲಿ ಬೆಂಗಳೂರಿನ ಮೂಲಸೌಕರ್ಯಕ್ಕೆ ನೂರಕ್ಕೆ 46.4 ಸಿಕ್ಕಿತು. ಒಟ್ಟು ಅಂಕ 54.4 ಇದ್ದ ಊರಿಗೆ ಈ ಒಂದು ಬಾಬತ್ತಿನಲ್ಲಿ ಅಷ್ಟೂ ಸಿಗಲಿಲ್ಲ. ರಸ್ತೆ, ನೀರು, ಸಾರಿಗೆಯ ಆ ಅಂಕಿಯನ್ನು ಹಿಡಿದು ಪಾಲಿಕೆಯನ್ನು ಕೇಳಬಹುದು, ‘146’ನ್ನು ಹಿಡಿದು ಏನೂ ಕೇಳಲಾಗುವುದಿಲ್ಲ. ಸ್ವಚ್ಛ ನಗರಗಳ ಪಟ್ಟಿಯಲ್ಲಿ 2015 ಮತ್ತು 2016ರಲ್ಲಿ ಮೈಸೂರು ಮೊದಲ ಸ್ಥಾನ ಪಡೆದದ್ದು ಬರೀ ಹೆಮ್ಮೆಯಾಗಿ ಉಳಿಯದೆ, ಕಸ ತೆಗೆಯದಿದ್ದರೆ ಜನ ದಬಾಯಿಸುವುದಕ್ಕೆ ಒಂದು ಆಧಾರವೂ ಆಯಿತು.

ಪಟ್ಟಿ ಬೇಕೇ ಬೇಕು ಎನ್ನುವುದಾದರೆ ಅರಸೀಕೆರೆ ನಗರಸಭೆ, ಬೇಲೂರು ಪುರಸಭೆ ಒಂದು ಪಟ್ಟಿ ಮಾಡಲಿ. ಯಾವ ವಾರ್ಡಿಗೆ ನಲ್ಲಿ ನೀರು ಯಾವ ದಿನ ಬಂತು, ಎಷ್ಟು ಹೊತ್ತು ಬಂತು ಎಂದು ಬರೆದು ವಾರಕ್ಕೊಮ್ಮೆ ಕಚೇರಿಯ ಬಾಗಿಲಿಗೆ ಅಂಟಿಸಲಿ.